ಅಮೆರಿಕದಲ್ಲಿ ಜಾಮೀನು ಬಾಂಡ್ ಕಂಪನಿ ಆರಿಸೋದು ಹೇಗೆ? ಬೆಳಗಾಗುವುದರೊಳಗೆ ಸಹಿ ಹಾಕಿ ಅಂತಿದ್ದಾರೆ

ಫ್ರೀಮಾಂಟ್ ಶಿವಮೊಗ್ಗ · ಶನಿವಾರ, ಬೆಳಗಿನ ಜಾವ 3:40

ನಿದ್ದೆ ಬರುತ್ತಿಲ್ಲ. ಈ ಹೊತ್ತಿನಲ್ಲಿ ಕೇಳೋಕೆ ಯಾರೂ ಇಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಇಂಜಿನಿಯರಿಂಗ್ ಓದುವಾಗ ನಾಲ್ಕು ವರ್ಷ ಒಂದೇ ರೂಮಿನಲ್ಲಿದ್ದ ಗೆಳೆಯ ಇಲ್ಲೇ ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿದ್ದಾನೆ. ಎಚ್‌1ಬಿ ವೀಸಾ. ನಿನ್ನೆ ರಾತ್ರಿ ಗಂಡ ಹೆಂಡತಿ ಜಗಳ ಜೋರಾಗಿ, ಪಕ್ಕದ ಮನೆಯವರು 911ಗೆ ಫೋನ್ ಮಾಡಿದ್ದಾರೆ. ಪೊಲೀಸರು ಬಂದು ಇವನನ್ನು ಕರೆದುಕೊಂಡು ಹೋದರು. ಈಗ ಇಲ್ಲಿನ ಡಬ್ಲಿನ್‌ನಲ್ಲಿರುವ ಕೌಂಟಿ (ಜಿಲ್ಲಾ) ಜೈಲಿನಲ್ಲಿದ್ದಾನೆ. ಜಾಮೀನು 50,000 ಡಾಲರ್ ಅಂತೆ.

ಅಲ್ಲಿಂದ ಫೋನ್ ಮಾಡಿ ಅತ್ತ. ನಾನು ಗೂಗಲ್‌ನಲ್ಲಿ ಹುಡುಕಿ ಮೊದಲು ಕಂಡ, ದುಡ್ಡು ತಗೊಂಡು ಜಾಮೀನು ನಿಲ್ಲುವ ಬಾಂಡ್ ಕಂಪನಿಗೆ ಫೋನ್ ಮಾಡಿದೆ. "5,000 ಡಾಲರ್ ಆಗುತ್ತೆ, ಆದರೆ ಈಗ 500 ಕೊಟ್ಟರೆ ಸಾಕು, ಉಳಿದದ್ದು ಕಂತಿನಲ್ಲಿ ಕಟ್ಟಿ. ಫೋನಿನಲ್ಲೇ ಸಹಿ ಹಾಕಿ, ಬೆಳಗ್ಗೆ ಹೊರಗಿರುತ್ತಾನೆ" ಅಂದರು. 14 ಪುಟದ ಕಾಗದ ಕಳಿಸಿದ್ದಾರೆ. ಅದರಲ್ಲಿ ನನ್ನ ಹೆಸರಿನ ಮುಂದೆ "ಇಂಡೆಮ್ನಿಟರ್" ಅಂತಿದೆ. ಪ್ರತಿ ಹದಿನೈದು ನಿಮಿಷಕ್ಕೆ ಮೆಸೇಜ್ ಬರುತ್ತಿದೆ, ಸಹಿ ಆಯಿತಾ ಅಂತ.

ನನಗೆ ಹೆಂಡತಿ, ಎರಡು ವರ್ಷದ ಮಗ, ಮನೆ ಸಾಲ ಎಲ್ಲ ಇದೆ. ಸಹಿ ಹಾಕಲಾ? ಕಂಪನಿ ಒಳ್ಳೆಯದಾ ಅಲ್ಲವಾ ಅಂತ ಹೇಗೆ ನೋಡೋದು? ಆ 5,000 ಆಮೇಲೆ ವಾಪಸ್ ಬರುತ್ತಾ?

ರಾಗಿಮುದ್ದೆ · 3:52

ಬರುತ್ತೆ ಸರ್. ಕೇಸು ಮುಗಿದ ಮೇಲೆ ಕೋರ್ಟು ಕೊಡುತ್ತದೆ. ಗೆಳೆಯ ಅಂದಮೇಲೆ ಇದಕ್ಕೆಲ್ಲ ಯೋಚನೆ ಮಾಡಬೇಡಿ, ಹಾಕಿ.

ಪ್ಲೇನೋ ಧಾರವಾಡ · 4:01

ರಾಗಿಮುದ್ದೆಯವರೇ, ತಪ್ಪು ಹೇಳಬೇಡ್ರಿ, ಪಾಪ ಅವರು ನಂಬಿ ಸಹಿ ಹಾಕಿಬಿಡ್ತಾರೆ. ಎರಡು ಬೇರೆ ಬೇರೆ ವಿಷಯ ಕಲಸಿಬಿಟ್ಟಿದ್ದೀರಿ.

ಪೂರ್ತಿ 50,000 ನೀವೇ ನೇರವಾಗಿ ಕಟ್ಟಿದರೆ ಅದು ಕೋರ್ಟಿನ ಹತ್ತಿರ ಇರುತ್ತದೆ. ಅವನು ಎಲ್ಲ ತಾರೀಖಿಗೂ ಹಾಜರಾದರೆ ಕೇಸು ಮುಗಿದ ಮೇಲೆ ವಾಪಸ್ ಬರುತ್ತದೆ. ಬಾಂಡ್ ಕಂಪನಿಗೆ ಕೊಡುವ ಹತ್ತು ಪರ್ಸೆಂಟ್ ಹಾಗಲ್ಲ. ಅದು ಅವರ ಫೀಸು. ನಾಳೆಯೇ ಕೇಸು ಬಿದ್ದುಹೋದರೂ, ಆರೋಪವನ್ನೇ ದಾಖಲಿಸದಿದ್ದರೂ ಆ 5,000 ಹೋದ ಹಾಗೆಯೇ. 500 ಕೊಟ್ಟರೆ ಸಾಕು ಅಂದರಲ್ಲ, ಉಳಿದ 4,500 ನಿಮ್ಮ ಹೆಸರಿನ ಸಾಲ.

ಇಂಡೆಮ್ನಿಟರ್ ಅಂದರೆ, ಅವನು ಕೋರ್ಟಿಗೆ ಬರದೇ ತಪ್ಪಿಸಿಕೊಂಡರೆ ಪೂರ್ತಿ 50,000ಕ್ಕೆ ನೀವು ಹೊಣೆ. ಹುಡುಕಿ ತರುವ ಖರ್ಚೂ ನಿಮ್ಮ ತಲೆಗೇ ಅಂತ ಅದರಲ್ಲೇ ಎಲ್ಲೋ ಬರೆದಿರುತ್ತಾರೆ, ಹುಡುಕಿ ನೋಡಿ.

ರಾಗಿಮುದ್ದೆ · 4:06

ಹೌದಾ! ನಮ್ಮ ಅಣ್ಣ ಒಬ್ಬರಿಗೆ ಕಟ್ಟಿದ್ದು ವಾಪಸ್ ಬಂದಿತ್ತು, ಅದನ್ನೇ ನೆನೆಸಿಕೊಂಡು ಹೇಳಿದೆ. ಅವನು ಪೂರ್ತಿ ಕಟ್ಟಿದ್ದ ಅನ್ನಿಸುತ್ತೆ. ಕ್ಷಮಿಸಿ ಸರ್.

ಸನಿವೇಲ್ ಹಾಸನ · 4:20

ಹತ್ತು ವರ್ಷದಿಂದ ಇಲ್ಲಿ ಕ್ರಿಮಿನಲ್ ವಕೀಲರ ಆಫೀಸಿನಲ್ಲಿ ಪ್ಯಾರಾಲೀಗಲ್ ಆಗಿ ಕೆಲಸ ಮಾಡುತ್ತಿದ್ದೇನೆ. ನಾನು ವಕೀಲೆ ಅಲ್ಲ, ಆದರೆ ಈ ಕಾಗದಗಳನ್ನು ದಿನಾ ನೋಡುತ್ತೇನೆ. ಮೊದಲು ಆ ಮೆಸೇಜುಗಳಿಗೆ ಉತ್ತರ ಕೊಡುವುದನ್ನು ನಿಲ್ಲಿಸಿ. ಅವಸರ ಅವರಿಗೆ, ನಿಮಗಲ್ಲ. ಬೇರೆ ಕಂಪನಿಗೆ ನೀವು ಫೋನ್ ಮಾಡುವ ಮುಂಚೆ ಸಹಿ ಆಗಬೇಕು, ಅಷ್ಟೇ.

ಕಂಪನಿ ಯಾವುದು ಅನ್ನುವುದಕ್ಕಿಂತ ಮುಂಚೆ ಕಂಪನಿ ಬೇಕಾ ಅಂತ ಕೇಳಿಕೊಳ್ಳಿ. ಕ್ಯಾಲಿಫೋರ್ನಿಯಾದಲ್ಲಿ ಹಿಡಿದವರನ್ನು 48 ಗಂಟೆಯೊಳಗೆ ಜಡ್ಜ್ ಮುಂದೆ ನಿಲ್ಲಿಸಬೇಕು. ಭಾನುವಾರ, ರಜಾದಿನ ಲೆಕ್ಕಕ್ಕೆ ಬರುವುದಿಲ್ಲ. ಶುಕ್ರವಾರ ರಾತ್ರಿ ಹಿಡಿದಿದ್ದರೆ ಸೋಮವಾರ ಇಲ್ಲವೇ ಮಂಗಳವಾರ. ಅದಕ್ಕೆ ಅರೇನ್‌ಮೆಂಟ್ ಅನ್ನುತ್ತಾರೆ. ಈಗಿನ 50,000 ಕೌಂಟಿಯ ಪಟ್ಟಿಯಲ್ಲಿರುವ ಮೊತ್ತ. ಯಾವ ಜಡ್ಜೂ ಇವನ ವಿಷಯ ನೋಡಿ ಹಾಕಿದ್ದಲ್ಲ. ಮನೆಯೊಳಗಿನ ಹಲ್ಲೆ ಕೇಸಿನಲ್ಲಿ ಕೋರ್ಟಿನಲ್ಲಿ ವಿಚಾರಣೆ ಆಗದೆ ಅದನ್ನು ಇಳಿಸುವ ಹಾಗಿಲ್ಲ, ಹಾಗಾಗಿ ಇವತ್ತು ಬಿಡಿಸಬೇಕೆಂದರೆ ಪೂರ್ತಿ ಲೆಕ್ಕವೇ. ಜಡ್ಜ್ ಮುಂದೆ ಹೋದಾಗ ಇಳಿಸಬಹುದು, ಏರಿಸಬಹುದು, ದುಡ್ಡಿಲ್ಲದೆ ಬರೀ ಮಾತಿನ ಮೇಲೆ ಬಿಡಲೂಬಹುದು. ಇದನ್ನು ಓ ಆರ್ ಅನ್ನುತ್ತಾರೆ.

ಎರಡೋ ಮೂರೋ ರಾತ್ರಿ ಒಳಗಿರುವುದಕ್ಕೂ 5,000 ಡಾಲರ್‌ಗೂ ತೂಗಿ ನೋಡಬೇಕಾದವನು ಅವನೇ. ಸೋಮವಾರ ಕೆಲಸಕ್ಕೆ ಹೋಗದಿದ್ದರೆ ಏನಾಗುತ್ತದೆ, ಬಿಡದೆ ತೆಗೆದುಕೊಳ್ಳಬೇಕಾದ ಔಷಧಿ ಇದೆಯಾ, ಇದನ್ನೆಲ್ಲ ಕೇಳಿ.

ಇಲ್ಲ, ಬಿಡಿಸಲೇಬೇಕು ಅಂದರೆ ಏಜೆಂಟಿನ ಹೆಸರು, ಲೈಸೆನ್ಸ್ ನಂಬರ್ ಕೇಳಿ, ರಾಜ್ಯದ ವಿಮಾ ಇಲಾಖೆಯ ವೆಬ್‌ಸೈಟಿನಲ್ಲಿ ಹಾಕಿ ನೋಡಿ. ಎರಡು ನಿಮಿಷದ ಕೆಲಸ. ಬಾಂಡ್ ಏಜೆಂಟ್ ಅಂದರೆ ಇಲ್ಲಿ ಒಂದು ಥರ ವಿಮಾ ಏಜೆಂಟೇ. ಹಿಂದೆ ಒಂದು ವಿಮಾ ಕಂಪನಿ ಇರಬೇಕು, ಅದರ ಹೆಸರು ಕಾಗದದಲ್ಲಿ ಕಾಣಬೇಕು. ಲೈಸೆನ್ಸ್ ನಂಬರ್ ಕೇಳಿದ ಕೂಡಲೇ ಮಾತು ತಿರುಗಿಸಿದರೆ ಫೋನ್ ಇಟ್ಟುಬಿಡಿ.

ಕರಾವಳಿ · 4:31

ದರ ಎಲ್ಲ ಕಡೆ ಹತ್ತೇ ಪರ್ಸೆಂಟಾ? ಚೌಕಾಸಿ ನಡೆಯಲ್ವಾ?

ಸನಿವೇಲ್ ಹಾಸನ · 4:38

ಮನಸ್ಸಿಗೆ ಬಂದಷ್ಟು ಹಾಕುವಂತಿಲ್ಲ. ದರವನ್ನು ವಿಮಾ ಇಲಾಖೆಗೆ ಕೊಟ್ಟು ಒಪ್ಪಿಗೆ ಪಡೆದಿರಬೇಕು. ಇಲ್ಲಿ ಸಾಮಾನ್ಯವಾಗಿ ಹತ್ತು. ಮೊದಲೇ ಸ್ವಂತ ವಕೀಲರನ್ನು ಇಟ್ಟುಕೊಂಡವರಿಗೆ ಕೆಲವು ಕಂಪನಿಗಳು ಎಂಟಕ್ಕೆ ಮಾಡಿಕೊಡುತ್ತವೆ. ಕೇಳಿದರೆ ಮಾತ್ರ ಹೇಳುತ್ತಾರೆ, ಅದಕ್ಕೇ ಬಾಯಿ ಬಿಟ್ಟು ಕೇಳಿ. "ಒಂದೇ ಪರ್ಸೆಂಟ್" ಅಂತ ಜಾಹೀರಾತು ಹಾಕುವವರದ್ದು ಮೊದಲ ಕಂತು ಅಷ್ಟೇ.

ಇನ್ನೊಂದು. ಏಜೆಂಟು "ನಮ್ಮ ಪರಿಚಯದ ವಕೀಲರು ಇದ್ದಾರೆ" ಅಂತ ಹೆಸರು ಹೇಳಿದರೆ ಅಲ್ಲೇ ಎಚ್ಚರವಾಗಿ. ಈ ರಾಜ್ಯದಲ್ಲಿ ಬಾಂಡ್ ಏಜೆಂಟುಗಳು ವಕೀಲರನ್ನು ಸೂಚಿಸುವ ಹಾಗಿಲ್ಲ.

ಮಲ್ಲಿಗೆ ಬಳ್ಳಿ · 5:15

ಎಲ್ಲ ಓದಿದೆ. ಇಷ್ಟು ಜನ ಬರೆದಿದ್ದೀರಿ, ಒಬ್ಬರಾದರೂ ಆ ಹೆಣ್ಣುಮಗಳು ಹೇಗಿದ್ದಾಳೆ ಅಂತ ಕೇಳಿದಿರಾ? ಪೆಟ್ಟಾಗಿದೆಯಾ? ಮನೆಯಲ್ಲಿ ಯಾರಿದ್ದಾರೆ ಜೊತೆಗೆ?

ಫ್ರೀಮಾಂಟ್ ಶಿವಮೊಗ್ಗ · 5:22

ಅಕ್ಕ, ನಿಜ ಹೇಳುತ್ತೇನೆ, ನನಗೆ ಗೊತ್ತಿಲ್ಲ. ಅವನು ಹೇಳಿದ್ದು "ಸುಮ್ನೆ ತಳ್ಳಿದೆ, ಬಿದ್ದಳು" ಅಂತ. ಒಂದೂವರೆ ವರ್ಷದ ಮಗಳಿದ್ದಾಳೆ. ಅವಳ ಕಡೆಯವರು ಯಾರೂ ಈ ದೇಶದಲ್ಲಿಲ್ಲ.

ಮಲ್ಲಿಗೆ ಬಳ್ಳಿ · 5:40

ಸುಮ್ನೆ ತಳ್ಳಿದ್ದು ಅಂತ ಯಾವುದೂ ಇಲ್ಲ ತಮ್ಮಾ. ನಿಮ್ಮನ್ನು ಬೈಯುತ್ತಿಲ್ಲ. ಆದರೆ ಅವಳ ಜಾಗದಲ್ಲಿ ಒಂದು ಸಲ ನಿಂತು ನೋಡಿ. ರಾತ್ರಿ ಪೊಲೀಸರು ಬಂದು ಹೋದರು, ಮಗು ಹೆದರಿ ಅಳುತ್ತಿದೆ, ಬ್ಯಾಂಕ್ ಖಾತೆ ಅವನ ಹೆಸರಿನಲ್ಲಿ, ವೀಸಾ ಅವನ ಮೇಲೆ ನಿಂತಿದೆ. ಊರಿಗೆ ಫೋನ್ ಮಾಡಿದರೆ ಅತ್ತೆ ಮನೆಯವರು "ಮೊದಲು ಅವನನ್ನು ಬಿಡಿಸು" ಅನ್ನುತ್ತಾರೆ. ಇದನ್ನು ಊಹೆಯ ಮೇಲೆ ಬರೆಯುತ್ತಿಲ್ಲ. ನಾನೂ ಒಂದು ರಾತ್ರಿ ಹಾಗೆ ಕೂತಿದ್ದೆ. ಅಡುಗೆಮನೆಯ ನೆಲದ ಮೇಲೆ, ಬೆನ್ನು ಫ್ರಿಜ್ಜಿಗೆ ಒರಗಿಸಿಕೊಂಡು. ಅದರ ಮೋಟಾರು ಶುರುವಾಗಿ ನಿಲ್ಲುವುದನ್ನೇ ಕೇಳುತ್ತಾ ಬೆಳಗು ಮಾಡಿದೆ. ಗಂಡನ ಗೆಳೆಯರು ಆರು ಜನ ಸೇರಿ ದುಡ್ಡು ಹೊಂದಿಸಿ ಅವರನ್ನು ಬೆಳಗಿನ 8ಕ್ಕೆ ಬಿಡಿಸಿದರು. ಒಬ್ಬರೂ ನನಗೆ ಫೋನ್ ಮಾಡಲಿಲ್ಲ.

ಬೇ ಏರಿಯಾದಲ್ಲಿ ಮೈತ್ರಿ, ನಾರಿಕಾ ಅಂತ ಎರಡು ಸಂಸ್ಥೆಗಳಿವೆ. ಎರಡೂ 1990ರ ದಶಕದ ಆರಂಭದಿಂದ ನಮ್ಮ ಕಡೆಯ ಹೆಣ್ಣುಮಕ್ಕಳಿಗಾಗಿಯೇ ಕೆಲಸ ಮಾಡುತ್ತಿವೆ. ಅವಳಿಗೆ ಈ ಹೆಸರು ಮುಟ್ಟಿಸಿ.

ಕರಾವಳಿ · 5:48

ಅಕ್ಕ ಹೇಳಿದ್ದು ಸರಿ. ಆದರೆ ಇದು ಜಾಮೀನಿನ ಬಗ್ಗೆ ಕೇಳಿದ ಪ್ರಶ್ನೆ ಅಲ್ವಾ? ತಪ್ಪು ಯಾರದ್ದು ಅಂತ ನಾವು ಇಲ್ಲಿ ತೀರ್ಮಾನ ಮಾಡೋಕಾಗಲ್ಲ. ಅವನು ಒಳಗೇ ಇದ್ದರೆ ಕೆಲಸ ಹೋಗುತ್ತೆ, ಕೆಲಸ ಹೋದರೆ ಹೆಂಡತಿ ಮಗುವಿಗೂ ತೊಂದರೆ ತಾನೇ?

ಮಲ್ಲಿಗೆ ಬಳ್ಳಿ · 5:55

ಜಾಮೀನಿನ ಪ್ರಶ್ನೆಯೇ ಇದು. ಬಿಡಿಸಿದ ಮೇಲೆ ಅವನು ಎಲ್ಲಿಗೆ ಹೋಗುತ್ತಾನೆ? ಅದನ್ನು ಯಾರಾದರೂ ಯೋಚಿಸಿದ್ದೀರಾ?

ಸನಿವೇಲ್ ಹಾಸನ · 6:10

ಮಲ್ಲಿಗೆಯವರ ಪ್ರಶ್ನೆ ಕಾನೂನಿನ ಪ್ರಕಾರವೂ ಮುಖ್ಯ. ಇಂಥ ಕೇಸಿನಲ್ಲಿ ಪೊಲೀಸರು ಸಾಮಾನ್ಯವಾಗಿ ಆ ರಾತ್ರಿಯೇ ಜಡ್ಜ್‌ಗೆ ಫೋನ್ ಮಾಡಿ ತುರ್ತು ರಕ್ಷಣಾ ಆದೇಶ ತೆಗೆದುಕೊಂಡಿರುತ್ತಾರೆ. ಹೆಚ್ಚೆಂದರೆ ಏಳು ದಿನ ಇರುತ್ತದೆ. ಅಷ್ಟು ದಿನ ಅವನು ಆ ಮನೆಗೆ ಹೋಗುವಂತಿಲ್ಲ, ಅವಳಿಗೆ ಫೋನ್, ಮೆಸೇಜ್ ಏನೂ ಮಾಡುವಂತಿಲ್ಲ. ಸೋಮವಾರ ಜಡ್ಜ್ ಇನ್ನೂ ಉದ್ದದ್ದು ಕೊಡಬಹುದು. ಬೇರೆಯವರ ಕೈಲಿ ಹೇಳಿಸಿದರೂ ಅದು ಆದೇಶ ಮುರಿದ ಹಾಗೇ. ಬಟ್ಟೆ ತರುತ್ತೇನೆ ಅಂತ ಮನೆ ಬಾಗಿಲಿಗೆ ಹೋಗಿ ಮತ್ತೆ ಒಳಗೆ ಹೋದವರನ್ನು ನೋಡಿದ್ದೇನೆ. ಆಗ ಸಹಿ ಹಾಕಿದ ಗೆಳೆಯನ 5,000 ಮಣ್ಣುಪಾಲು.

ಇನ್ನೊಂದು ತಪ್ಪು ತಿಳಿವಳಿಕೆ ನಮ್ಮವರಲ್ಲಿ ತುಂಬಾ ಇದೆ, "ಹೆಂಡತಿ ಕೇಸು ವಾಪಸ್ ತಗೊಂಡರೆ ಮುಗೀತು" ಅಂತ. ಇಲ್ಲಿ ಕೇಸು ಹೂಡುವುದು, ಬಿಡುವುದು ಡಿಸ್ಟ್ರಿಕ್ಟ್ ಅಟಾರ್ನಿ, ಅಂದರೆ ಸರ್ಕಾರದ ಪರ ಕೇಸು ನಡೆಸುವ ವಕೀಲರು. ಅವಳ ಕೈಯಲ್ಲಿಲ್ಲ. ಅವಳ ಮೇಲೆ ಒತ್ತಡ ತಂದರೆ ಇನ್ನೊಂದು ಕೇಸು.

ಜೈಲಿನಿಂದ ಮಾಡುವ ಫೋನು ರೆಕಾರ್ಡ್ ಆಗುತ್ತದೆ. ಕನ್ನಡದಲ್ಲಿ ಮಾತಾಡಿದರೆ ಯಾರಿಗೆ ತಿಳಿಯುತ್ತೆ ಅಂತ ಅಂದುಕೊಳ್ಳಬೇಡಿ. ಅನುವಾದ ಮಾಡಿಸುತ್ತಾರೆ. ಅವನು ಮತ್ತೆ ಫೋನ್ ಮಾಡಿದರೆ ರಾತ್ರಿ ಏನಾಯಿತು ಅಂತ ಒಂದು ಮಾತೂ ಬೇಡ.

ಫ್ರೀಮಾಂಟ್ ಶಿವಮೊಗ್ಗ · 6:18

ಅಯ್ಯೋ. "ಅವಳಿಗೆ ಒಂದು ಮಾತು ಹೇಳು" ಅಂತ ಅವನು ಹೇಳಿದ್ದ. ನಾನು ಇನ್ನೂ ಹೇಳಿಲ್ಲ, ಸದ್ಯ.

ನೇಪರ್‌ವಿಲ್ ತುಮಕೂರು · 7:30

ನಮ್ಮ ಇಲಿನಾಯ್‌ನಲ್ಲಿ ಈ ತಲೆನೋವೇ ಇಲ್ಲ. 2023ರ ಸೆಪ್ಟೆಂಬರ್ 18ರಿಂದ ದುಡ್ಡಿನ ಜಾಮೀನನ್ನೇ ತೆಗೆದುಹಾಕಿದ್ದಾರೆ, ಪೂರ್ತಿ ತೆಗೆದ ಮೊದಲ ರಾಜ್ಯ ನಮ್ಮದು. ಬಾಂಡ್ ಕಂಪನಿಗಳು ಅದಕ್ಕೂ ಎಷ್ಟೋ ವರ್ಷ ಮುಂಚೆಯೇ ಇಲ್ಲಿ ಬಂದ್. ಈಗ ಜಡ್ಜ್ ವಿಚಾರಣೆ ಮಾಡಿ, ಈ ಮನುಷ್ಯನಿಂದ ಯಾರಿಗಾದರೂ ಅಪಾಯ ಇದೆಯಾ, ಓಡಿಹೋಗುತ್ತಾನಾ ಅಂತ ನೋಡುತ್ತಾರೆ. ಇದ್ದರೆ ಕೋಟಿ ಇದ್ದರೂ ಬಿಡಲ್ಲ. ಇಲ್ಲದಿದ್ದರೆ ಜೇಬಿನಲ್ಲಿ ಬಿಡಿಗಾಸು ಇಲ್ಲದಿದ್ದರೂ ಬಿಡುತ್ತಾರೆ. ಮಲ್ಲಿಗೆ ಅಕ್ಕ ಕೇಳಿದ ಪ್ರಶ್ನೆಯನ್ನು ಇಲ್ಲಿ ಕೋರ್ಟೇ ಕೇಳುತ್ತದೆ. 50,000 ಅನ್ನುವುದು ಗೆಳೆಯರ ಹತ್ತಿರ ಎಷ್ಟಿದೆ ಅಂತ ಅಳೆಯುತ್ತೆ ಅಷ್ಟೇ, ಅವಳಿಗೆ ಅಪಾಯ ಇದೆಯಾ ಅಂತ ಅಳೆಯಲ್ಲ.

ಎಡಿಸನ್ ಮಂಡ್ಯ · 7:41

ನ್ಯೂಜೆರ್ಸಿಯಲ್ಲೂ 2017ರಿಂದ ಹೆಚ್ಚುಕಡಿಮೆ ಹಾಗೇ. ಕೆಂಟಕಿ, ಆರೆಗಾನ್, ವಿಸ್ಕಾನ್ಸಿನ್‌ನಲ್ಲೂ ಬಾಂಡ್ ಕಂಪನಿ ನಡೆಸುವಂತಿಲ್ಲ. ಪ್ರಪಂಚದಲ್ಲಿ ಅಮೆರಿಕ, ಫಿಲಿಪೀನ್ಸ್ ಬಿಟ್ಟರೆ ಜಾಮೀನನ್ನು ಹೀಗೆ ವ್ಯಾಪಾರ ಮಾಡಿಕೊಂಡವರು ಇಲ್ಲ ಅಂತಲೇ ಹೇಳಬಹುದು.

ಪ್ಲೇನೋ ಧಾರವಾಡ · 7:58

ಬಾಂಡ್ ಕಂಪನಿಗಳೆಲ್ಲ ಕಳ್ಳರು ಅನ್ನೋ ಹಂಗ ಮಾತಾಡಬೇಡ್ರಿ. ಟೆಕ್ಸಸ್‌ನ ದೊಡ್ಡ ಕೌಂಟಿಗಳಲ್ಲಿ ಬೇಲ್ ಬಾಂಡ್ ಬೋರ್ಡ್ ಅಂತ ಇರುತ್ತೆ, ಲೈಸೆನ್ಸ್ ಅದೇ ಕೊಡೋದು, ಪಟ್ಟಿಯನ್ನೂ ಅದೇ ಇಡುತ್ತೆ. ಪಟ್ಟಿ ನೋಡಿ ಫೋನ್ ಮಾಡಿದರಾಯಿತು. ನಮ್ಮ ಮಾವನ ಮಗನಿಗೆ ಮಾಡಿಸಿದಾಗ ಏಜೆಂಟಮ್ಮ ಪ್ರತಿ ಕೋರ್ಟ್ ತಾರೀಖಿನ ಹಿಂದಿನ ದಿನ ಫೋನ್ ಮಾಡಿ ನೆನಪು ಮಾಡುತ್ತಿದ್ದಳು. ಹನ್ನೊಂದು ತಿಂಗಳು. ಅವನು ಒಂದು ತಾರೀಖೂ ತಪ್ಪಿಸಲಿಲ್ಲ. ಒಳ್ಳೆಯವರೂ ಇದ್ದಾರೆ.

ನೇಪರ್‌ವಿಲ್ ತುಮಕೂರು · 8:05

ನೆನಪು ಮಾಡೋಕೆ ಕೋರ್ಟಿನವರೇ ಒಂದು ಮೆಸೇಜ್ ಕಳಿಸಿದರೆ ಸಾಕು ಅಲ್ವಾ? ಅದಕ್ಕೆ ಸಾವಿರಾರು ಡಾಲರ್ ಯಾಕೆ?

ಪ್ಲೇನೋ ಧಾರವಾಡ · 8:09

ಕಳಿಸಲಿಲ್ಲವಲ್ಲ! ಅದಕ್ಕೇ ಹೇಳಿದ್ದು.

ಸನಿವೇಲ್ ಹಾಸನ · 8:25

ಕ್ಯಾಲಿಫೋರ್ನಿಯಾದಲ್ಲೂ ಪ್ರಯತ್ನ ಆಯಿತು. 2018ರಲ್ಲಿ ದುಡ್ಡಿನ ಜಾಮೀನು ತೆಗೆಯುವ ಕಾನೂನು ಮಾಡಿದರು. ಬಾಂಡ್ ಉದ್ಯಮದವರು ಸಹಿ ಸಂಗ್ರಹಿಸಿ ಅದನ್ನು ಮತಕ್ಕೆ ಹಾಕಿಸಿದರು. 2020ರ ನವೆಂಬರಿನಲ್ಲಿ ಜನ ಬೇಡ ಅಂದರು. ಆಮೇಲೆ 2021ರ ಮಾರ್ಚಿನಲ್ಲಿ ರಾಜ್ಯದ ಸುಪ್ರೀಂ ಕೋರ್ಟಿನ ಹಂಫ್ರಿ ತೀರ್ಪು ಬಂತು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ವಯಸ್ಸಾದ ಒಬ್ಬರು, ನೆರೆಯವರಿಂದ 5 ಡಾಲರ್ ಮತ್ತು ಒಂದು ಪರ್ಫ್ಯೂಮ್ ಬಾಟಲಿ ಕದ್ದ ಆರೋಪ. ಜಾಮೀನು ಮೊದಲು 6 ಲಕ್ಷ ಡಾಲರ್, ಆಮೇಲೆ ಮೂರೂವರೆ ಲಕ್ಷ. ಕಟ್ಟಲಾಗದೆ ಒಳಗೇ ಉಳಿದರು. ದುಡ್ಡಿಲ್ಲ ಅನ್ನುವ ಒಂದೇ ಕಾರಣಕ್ಕೆ ಒಬ್ಬರನ್ನು ಒಳಗಿಡುವಂತಿಲ್ಲ ಅಂತ ಕೋರ್ಟು ಹೇಳಿತು. ಹಾಗಾಗಿ ಸೋಮವಾರ ಇವನ ಪರ ವಕೀಲರು "ಇವನಿಗೆ ಎಷ್ಟು ಕಟ್ಟಲು ಆಗುತ್ತೆ" ಅನ್ನುವುದನ್ನು ಜಡ್ಜ್ ಮುಂದೆ ಇಡಬಹುದು. ಸ್ವಂತ ವಕೀಲರಿಗೆ ದುಡ್ಡಿಲ್ಲದಿದ್ದರೆ ಪಬ್ಲಿಕ್ ಡಿಫೆಂಡರ್, ಅಂದರೆ ಸರ್ಕಾರವೇ ಕೊಡುವ ವಕೀಲರು, ಇರುತ್ತಾರೆ. ಅವರನ್ನು ಕಡೆಗಣಿಸಬೇಡಿ, ದಿನಾ ಅದೇ ಜಡ್ಜ್ ಮುಂದೆ ನಿಲ್ಲುವವರು.

ಚಿತ್ರದುರ್ಗ ವಕೀಲ · 9:02

ಭಾರತದಿಂದ ಬರೆಯುತ್ತಿದ್ದೇನೆ. ನಮ್ಮಲ್ಲಿ ಜಾಮೀನಿಗೆ ಕಂಪನಿ ಇಲ್ಲ. ಮನುಷ್ಯನಿಗೆ ಮನುಷ್ಯನೇ ನಿಲ್ಲಬೇಕು, ಪಹಣಿ ಹಿಡಿದುಕೊಂಡು. ದುಡ್ಡು ತಗೊಂಡು ಜಾಮೀನು ನಿಲ್ಲುವ ಒಪ್ಪಂದಕ್ಕೆ ನಮ್ಮ ಕಾನೂನಿನಲ್ಲಿ ಬೆಲೆಯೇ ಇಲ್ಲ. ಹಾಗಂತ ನಡೆಯಲ್ಲ ಅಂತಲ್ಲ. ನಕಲಿ ಪಹಣಿ, ನಕಲಿ ಆಧಾರ್ ಇಟ್ಟುಕೊಂಡು ಹತ್ತಾರು ಜನಕ್ಕೆ ಜಾಮೀನು ನಿಂತವರನ್ನು ಬೆಂಗಳೂರು ಪೊಲೀಸರು ಹಿಡಿದ ಸುದ್ದಿ ಆಗಾಗ ಓದುತ್ತೀರಲ್ಲ. ನಿಮ್ಮ ಕಡೆ ಅಂಗಡಿ ಬೋರ್ಡು ಹಾಕಿಕೊಂಡು ಮಾಡುವುದನ್ನು ಇಲ್ಲಿ ಕೋರ್ಟಿನ ಕಾಂಪೌಂಡ್ ಗೋಡೆ ಪಕ್ಕ ಮಾಡುತ್ತಾರೆ.

1978ರ ಮೋತಿರಾಮ್ ಕೇಸು ನೆನಪಾಗುತ್ತದೆ. ಮಧ್ಯಪ್ರದೇಶದ ಒಬ್ಬ ಗಾರೆ ಕೆಲಸದವನಿಗೆ 10,000 ರೂಪಾಯಿಯ ಜಾಮೀನು ಕೇಳಿದರು. ಅವನ ಅಣ್ಣತಮ್ಮಂದಿರಲ್ಲಿ ಒಬ್ಬ ನಿಲ್ಲಲು ಬಂದರೆ, ನಿನ್ನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಒಪ್ಪಲಿಲ್ಲ. ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದನ್ನು ಖಂಡಿಸಿ ಬರೆದರು. ಬಡವನಿಗೆ ಜಾಮೀನು ಸಿಕ್ಕಿಯೂ ಸಿಗದ ಕಷ್ಟ ಎರಡೂ ದೇಶದಲ್ಲಿ ಒಂದೇ.

ರಾಗಿಮುದ್ದೆ · 9:20

ವಕೀಲರು ಪಹಣಿ ಅಂದ ಕೂಡಲೇ ನಮ್ಮಪ್ಪ ನೆನಪಾದರು. ನಾನು ಆಗ ಎಂಟನೇ ಕ್ಲಾಸು. ನಮ್ಮ ತೋಟದಲ್ಲಿ ಕೆಲಸಕ್ಕಿದ್ದ ಒಬ್ಬರ ಮೇಲೆ ಹೊಡೆದಾಟದ ಕೇಸಾಯಿತು. ಅಪ್ಪ ಜಾಮೀನು ನಿಲ್ಲಲು ಹೊರಟರು, ನಾನೂ ಜೊತೆಗೆ ಹೋದೆ. ಪಹಣಿ, ಕಂದಾಯದ ರಸೀದಿ ಎಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ. ಬಿಸಿಲಿಗೆ ಕೈ ಬೆವರಿ ಕವರಿನೊಳಗೆ ಆವಿ ಕಟ್ಟಿತ್ತು. ಅಪ್ಪ ಅದನ್ನು ಪಂಚೆಗೆ ಒರೆಸಿ ಒರೆಸಿ ಮತ್ತೆ ಹಿಡಿದುಕೊಳ್ಳುತ್ತಿದ್ದರು. ಒಳಗೆ ಹೋದಾಗ ಜಡ್ಜ್ ಕೇಳಿದ್ದು ಒಂದೇ: "ಇವನು ಬರದೇ ಇದ್ದರೆ ದುಡ್ಡು ನೀವು ಕಟ್ಟಬೇಕಾಗುತ್ತೆ, ಗೊತ್ತಾ?" ಅಪ್ಪ "ಗೊತ್ತು ಸ್ವಾಮಿ" ಅಂದರು.

ಆಮೇಲೆ ಆ ಕೆಲಸದವರು ಒಂದು ತಾರೀಖು ತಪ್ಪಿಸಿದರು. ನೋಟಿಸು ನಮ್ಮ ಮನೆಗೆ ಬಂತು. ಅಪ್ಪ ಬಸ್ಸು ಹಿಡಿದು ಅವರ ಊರಿಗೆ ಹೋಗಿ ಕರೆತಂದು ಕೋರ್ಟಿನಲ್ಲಿ ನಿಲ್ಲಿಸಿದರು. ಅವ್ವ ಒಂದು ವಾರ ಅಪ್ಪನ ಜೊತೆ ಮಾತಾಡಲಿಲ್ಲ. ರಾತ್ರಿ "ಹಾಕಿ" ಅಂತ ಬರೆಯುವಾಗ ನನಗೆ ಇದು ನೆನಪಾಗಬೇಕಿತ್ತು.

ದಾವಣಗೆರೆ ಬೆಣ್ಣೆ · 9:33

ಸ್ವಲ್ಪ ಬೇರೆ ವಿಷಯ, ಆದರೆ ಹೇಳಲೇಬೇಕು. ಹೋದ ವರ್ಷ ನಮ್ಮ ತಂದೆಗೆ ಊರಿನಲ್ಲಿ ಫೋನ್ ಬಂತು, "ನಿಮ್ಮ ಮಗ ಅಮೆರಿಕದಲ್ಲಿ ಆಕ್ಸಿಡೆಂಟ್ ಮಾಡಿ ಅರೆಸ್ಟ್ ಆಗಿದ್ದಾನೆ, ಜಾಮೀನಿಗೆ ದುಡ್ಡು ಬೇಕು, ಯಾರಿಗೂ ಹೇಳಬೇಡಿ" ಅಂತ. ಹಿಂದೆ ಯಾರೋ ನನ್ನ ಥರಾನೇ ಅಳುತ್ತಿದ್ದರಂತೆ. ಅಮ್ಮ ಪಕ್ಕದ ಫೋನಿನಿಂದ ನನಗೆ ವಾಟ್ಸಾಪ್ ಕರೆ ಮಾಡಿದರು, ನಾನು ಆಫೀಸಿನಲ್ಲಿ ಊಟ ಮಾಡುತ್ತಿದ್ದೆ. ಬಚಾವಾದರು. ಎಲ್ಲರೂ ಮನೆಯಲ್ಲಿ ಹೇಳಿಡಿ: ಗಿಫ್ಟ್ ಕಾರ್ಡಿನಲ್ಲೋ ಯುಪಿಐನಲ್ಲೋ ಜಾಮೀನು ಕಟ್ಟಿ ಅಂತ ಅಮೆರಿಕದ ಕೋರ್ಟು ಕೇಳಲ್ಲ. ಮೊದಲು ಮಗನಿಗೆ ಫೋನ್ ಮಾಡಿ.

ಕರಾವಳಿ · 9:40

ವೀಸಾ ಬಗ್ಗೆ ಯಾರೂ ಹೇಳಲಿಲ್ಲ. ಎಚ್‌1ಬಿ ಇರುವವರಿಗೆ ಅದೇ ದೊಡ್ಡ ಭಯ.

ಸನಿವೇಲ್ ಹಾಸನ · 9:58

ಹೇಳಬೇಕು ಅಂದುಕೊಂಡಿದ್ದೆ. ದುಡ್ಡು ಕಟ್ಟುವ ಮುಂಚೆ ಜೈಲಿಗೆ ಫೋನ್ ಮಾಡಿ ಇಮಿಗ್ರೇಷನ್‌ನವರ ಹೋಲ್ಡ್, ಅಂದರೆ ಬಿಡಬೇಡಿ ಅನ್ನುವ ಸೂಚನೆ, ಇದೆಯಾ ಅಂತ ಕೇಳಿ. ಇದ್ದರೆ ಇಲ್ಲಿ ಬಾಂಡ್ ಕಟ್ಟಿದರೂ ಅವರು ಬಂದು ಕರೆದೊಯ್ಯಬಹುದು. ಅದಕ್ಕೆ ಬೇರೆಯೇ ಬಾಂಡ್, ಕನಿಷ್ಠ 1,500 ಡಾಲರಿನಿಂದ ಶುರು.

ಮನೆಯೊಳಗಿನ ಹಿಂಸೆಯಲ್ಲಿ ಶಿಕ್ಷೆಯಾದರೆ ಗಡೀಪಾರಿಗೆ ಕಾರಣವಾಗಬಹುದು. "ತಪ್ಪೊಪ್ಪಿಕೊಂಡು ಬೇಗ ಮುಗಿಸೋಣ" ಅನ್ನುವುದು ಇವನಂಥವನಿಗೆ ದುಬಾರಿ ಆಗುತ್ತದೆ. ತಪ್ಪೊಪ್ಪಿಗೆಯಿಂದ ವೀಸಾ ಮೇಲೆ ಏನಾಗುತ್ತೆ ಅಂತ ಕ್ರಿಮಿನಲ್ ವಕೀಲರು ಹೇಳಲೇಬೇಕು, 2010ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಪಡಿಲ್ಲಾ ಕೇಸಿನಲ್ಲಿ ಹಾಗೆ ತೀರ್ಪು ಕೊಟ್ಟಿದೆ. ಬಾಂಡ್ ಏಜೆಂಟು ವೀಸಾ ಬಗ್ಗೆ ಸಲಹೆ ಕೊಟ್ಟರೆ ಕಿವಿಗೆ ಹಾಕಿಕೊಳ್ಳಬೇಡಿ.

ಎಡಿಸನ್ ಮಂಡ್ಯ · 10:07

ಮನೆಯನ್ನು ಅಡ ಇಡಿ ಅಂತ ಕೇಳಿದ್ದಾರಾ?

ಫ್ರೀಮಾಂಟ್ ಶಿವಮೊಗ್ಗ · 10:15

ಹೂಂ, ಇದೆ. 9ನೇ ಪುಟದಲ್ಲಿ. ರಾತ್ರಿ ಕಣ್ಣಿಗೇ ಬಿದ್ದಿರಲಿಲ್ಲ. ಬೇಕಾದರೆ ಆಮೇಲೆ ಆಸ್ತಿಯ ಭದ್ರತೆ ಕೇಳಬಹುದು ಅಂತ ಬರೆದಿದೆ. ಒಂದು ವರ್ಷ ಆದಮೇಲೂ ಕೇಸು ನಡೆಯುತ್ತಿದ್ದರೆ ಮತ್ತೆ ಫೀಸು ಅಂತಲೂ ಇದೆ. ನಾನು ಫೋನಿನಲ್ಲಿ ಕೇಳಿದಾಗ "ಬೇರೆ ಖರ್ಚೇನೂ ಇಲ್ಲ" ಅಂದಿದ್ದರು.

ಸನಿವೇಲ್ ಹಾಸನ · 10:24

ಹಾಗಾದರೆ ಆ ಕಾಗದಕ್ಕೆ ಸಹಿ ಬೇಡವೇ ಬೇಡ. ಬಾಯಲ್ಲಿ ಒಂದು, ಕಾಗದದಲ್ಲಿ ಒಂದು ಇದ್ದರೆ ಆ ಕಂಪನಿ ಬಿಟ್ಟುಬಿಡಿ. ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ.

ಅದರಲ್ಲಿ ಇನ್ನೊಂದು ನೋಡಿ. ಕಂತಿನಲ್ಲಿ ಕಟ್ಟುವ ಒಪ್ಪಂದಕ್ಕೆ ಜೊತೆ ಸಹಿ ಹಾಕುವವರಿಗೆ "ಈ ಸಾಲ ನೀವು ತೀರಿಸಬೇಕಾಗಬಹುದು" ಅನ್ನುವ ಎಚ್ಚರಿಕೆಯ ನೋಟಿಸು ಕೊಡಬೇಕು. ಬಾಂಡ್ ಕಂಪನಿಗಳಿಗೂ ಇದು ಅನ್ವಯ ಅಂತ 2021ರಲ್ಲಿ ಇಲ್ಲಿನ ಮೇಲ್ಮನವಿ ಕೋರ್ಟು ಹೇಳಿದೆ. ಅದಿದೆಯಾ?

ಫ್ರೀಮಾಂಟ್ ಶಿವಮೊಗ್ಗ · 10:31

ಎರಡು ಸಲ ಓದಿದೆ. ಇಲ್ಲ.

ಪ್ಲೇನೋ ಧಾರವಾಡ · 10:35

ಬಿಟ್ಟುಬಿಡ್ರಿ ಹಂಗಾದರ. ಒಳ್ಳೆಯವರೂ ಇದ್ದಾರೆ ಅಂದೆ, ಇವರು ಆ ಪೈಕಿ ಅಲ್ಲ.

ಕರಾವಳಿ · 10:44

ಅಣ್ಣ ತಮ್ಮ ಯಾರಾದರೂ ಇದ್ದರೆ ಅವರೇ ಸಹಿ ಹಾಕಲಿ. ಗೆಳೆತನ ಬೇರೆ, 50,000 ಬೇರೆ.

ರಾಗಿಮುದ್ದೆ · 10:50

ಅದನ್ನು ಒಪ್ಪಲ್ಲ. ನಮ್ಮಪ್ಪ ನಿಂತವರು ನಮಗೆ ಏನೂ ಆಗಬೇಕಿರಲಿಲ್ಲ. ನಿಲ್ಲುವುದಾದರೆ ಗೊತ್ತಿದ್ದು ನಿಲ್ಲಬೇಕು ಅಷ್ಟೇ.

ಫ್ರೀಮಾಂಟ್ ಶಿವಮೊಗ್ಗ · 11:20

ಸಹಿ ಹಾಕಲಿಲ್ಲ. ಅವನು ಮತ್ತೆ ಫೋನ್ ಮಾಡಿದಾಗ ಹೇಳಿದೆ, ಸೋಮವಾರದವರೆಗೆ ಕಾಯೋಣ, ವಕೀಲರನ್ನು ನೋಡುತ್ತಿದ್ದೇನೆ ಅಂತ. ಸಿಟ್ಟು ಮಾಡಿಕೊಂಡ. ಆಮೇಲೆ ಸುಮ್ಮನಾದ. ರಾತ್ರಿಯ ವಿಷಯ ಎತ್ತಿದ, ನಾನು ತಡೆದೆ.

ನನ್ನ ಹೆಂಡತಿ ಅವರ ಮನೆಗೆ ಹೊರಟಿದ್ದಾಳೆ. ಅವನ ಪರವಾಗಿ ಒಂದು ಮಾತೂ ಆಡುವುದಿಲ್ಲ, ಊಟ ಕೊಟ್ಟು ಜೊತೆಗಿದ್ದು ಬರುತ್ತಾಳೆ.

ಮಲ್ಲಿಗೆ ಬಳ್ಳಿ · 11:26

ಕಾರಿನ ಬೀಗದ ಕೈ ಅವಳ ಹತ್ತಿರ ಇದೆಯಾ ಕೇಳಿ. ನನ್ನ ಸಲ ಅದೂ ಅವರ ಜೇಬಿನಲ್ಲೇ ಹೋಗಿತ್ತು.

ಫ್ರೀಮಾಂಟ್ ಶಿವಮೊಗ್ಗ · ಶನಿವಾರ, ಮಧ್ಯಾಹ್ನ 1:50

ಅಕ್ಕ, ನೀವು ಹೇಳಿದ ಹಾಗೇ ಆಗಿದೆ. ಇರುವುದು ಒಂದೇ ಕಾರು. ಬೀಗದ ಕೈ ಜೈಲಿನವರು ತೆಗೆದಿಟ್ಟ ಕವರಿನಲ್ಲಿದೆ, ಮಗುವಿನ ಸೀಟು ಕಾರಿನೊಳಗಿದೆ. ಅವಳ ಮೊಣಕೈ ಊದಿದೆಯಂತೆ, ಬೆಳಗ್ಗೆಯಿಂದ ಆಸ್ಪತ್ರೆಗೆ ಹೋಗಲು ಆಗದೆ ಐಸ್ ಇಟ್ಟುಕೊಂಡು ಕೂತಿದ್ದಳಂತೆ. ನನ್ನ ಹೆಂಡತಿ ಫೋನ್ ಮಾಡಿದಳು. ನಮ್ಮ ಮಗನ ಸೀಟು ಇವಳ ಕಾರಿನಲ್ಲೇ ಇತ್ತು, ಅದರಲ್ಲಿ ಆ ಮಗುವನ್ನು ಕೂರಿಸಿಕೊಂಡು ಮೂವರೂ ಈಗ ಎಕ್ಸ್‌ರೇ ತೆಗೆಸಲು ಹೋಗಿದ್ದಾರೆ. ನಾರಿಕಾಗೂ ಅವಳೇ ಫೋನ್ ಮಾಡಿದ್ದಾಳೆ.

"ಸುಮ್ನೆ ತಳ್ಳಿದೆ" ಅಂತ ಅವನು ಹೇಳಿದ್ದನ್ನು ನಾನು ಹಾಗೇ ಇಲ್ಲಿ ಬರೆದೆ. ತಪ್ಪಾಯಿತು.

ಮಲ್ಲಿಗೆ ಬಳ್ಳಿ · 2:04

ಎಕ್ಸ್‌ರೇ ಏನು ಬಂತು ಅಂತ ಬರೆಯಿರಿ.

ಫ್ರೀಮಾಂಟ್ ಶಿವಮೊಗ್ಗ · ಮಂಗಳವಾರ, ಸಂಜೆ 6:30

ಮೂಳೆ ಪೂರ್ತಿ ಮುರಿದಿಲ್ಲ, ಬಿರುಕು ಬಿಟ್ಟಿದೆ. ಮೂರು ವಾರ ಕೈ ಕಟ್ಟಿಕೊಂಡಿರಬೇಕು.

ಅವನನ್ನು ಇವತ್ತು ಜಡ್ಜ್ ಮುಂದೆ ಕರೆತಂದರು. ಪಬ್ಲಿಕ್ ಡಿಫೆಂಡರ್ ಬಂದಿದ್ದರು, ಅವನ ಕೆಲಸ, ಹಳೆಯ ಕೇಸು ಯಾವುದೂ ಇಲ್ಲದ್ದು, ಎಷ್ಟು ಕಟ್ಟಲು ಆಗುತ್ತೆ, ಎಲ್ಲ ಹೇಳಿದರು. ಜಡ್ಜ್ ದುಡ್ಡಿಲ್ಲದೆ ಬಿಟ್ಟರು. ಆದರೆ ಹೆಂಡತಿ, ಮನೆ, ಮಗುವಿನ ಡೇ ಕೇರ್, ಎಲ್ಲದರಿಂದ ನೂರು ಗಜ ದೂರ ಇರಬೇಕು. ಪಾಸ್‌ಪೋರ್ಟ್ ಒಪ್ಪಿಸಬೇಕು. ಮುಂದಿನ ತಾರೀಖು ಮೂರು ವಾರಕ್ಕೆ. ಹೇವರ್ಡ್‌ನಲ್ಲಿ ಬಾಡಿಗೆಗೆ ಒಂದು ರೂಮು ನೋಡಿದ್ದೇನೆ. ನಮ್ಮ ಮನೆಯಲ್ಲಿ ಇರಿಸಿಕೊಳ್ಳಲ್ಲ ಅಂತ ನನ್ನ ಹೆಂಡತಿ ಹೇಳಿದಳು, ನಾನೂ ಒಪ್ಪಿದೆ. ಅವನ ಹೆಂಡತಿ, ಮಗು ನಮ್ಮ ಮನೆಗೆ ಬರುತ್ತಿರುತ್ತಾರೆ.

ಬಾಂಡ್ ಕಂಪನಿಯಿಂದ ಇವತ್ತೂ ಮೆಸೇಜ್ ಬಂದಿದೆ, ಇನ್ನೂ ಬೇಕಾ ಅಂತ.

ದಾವಣಗೆರೆ ಬೆಣ್ಣೆ · 6:41

ಬ್ಲಾಕ್ ಮಾಡಿ ಸರ್.

ಸನಿವೇಲ್ ಹಾಸನ · 6:52

ಮುಂದಿನ ತಾರೀಖು ನಿಮ್ಮ ಫೋನಿನಲ್ಲೂ ಹಾಕಿಕೊಳ್ಳಿ. ಹಿಂದಿನ ದಿನ ಅವನಿಗೆ ನೀವೇ ನೆನಪು ಮಾಡಿ.

ಮಲ್ಲಿಗೆ ಬಳ್ಳಿ · 7:10

ಬೀಗದ ಕೈ ಸಿಕ್ಕಿತಾ ಅವಳಿಗೆ?

ಫ್ರೀಮಾಂಟ್ ಶಿವಮೊಗ್ಗ · 7:13

ಸಿಕ್ಕಿತು ಅಕ್ಕ. ಅವನು ಹೊರಗೆ ಬಂದ ಕೂಡಲೇ ಅವನ ವಕೀಲರಿಗೆ ಕೊಟ್ಟ. ಅವರ ಆಫೀಸಿಗೆ ಹೋಗಿ ನನ್ನ ಹೆಂಡತಿ ತಂದುಕೊಟ್ಟಳು.